ಹಸಿಯದೋ, ಸುಟ್ಟದ್ದೋ

ನಾರಿನ್ ದಾಟಿ ಮೇಲಿನ ಹಳ್ಳಿಯ ಶಾಲೆ.
ಮೂರನೇ ತರಗತಿ, ಹತ್ತೊಂಬತ್ತು ಮಕ್ಕಳು, ಕಲ್ಲಿದ್ದಲ ಒಲೆ.
ಬಿಷ್ಕೆಕ್‌ನಿಂದ ನಾನು ಹೊತ್ತು ತಂದದ್ದು
ಪ್ರಶ್ನೆಯ ಹಾಳೆ, ಬಹುಮಾನಕ್ಕೆ ಬಣ್ಣದ ಪೆನ್ಸಿಲ್ ಡಬ್ಬಿ,
ಕೊರಳಲ್ಲಿ ಒಂದು ಸ್ಟಾಪ್‌ವಾಚು.

'ಇಟ್ಟಿಗೆಯಿಂದ ಏನೇನು ಮಾಡಬಹುದು?
ಎಂಟು ನಿಮಿಷ. ಹೆಚ್ಚು ಬರೆದವರಿಗೆ ಡಬ್ಬಿ.'

ತಲೆಗಳು ಒಟ್ಟಿಗೆ ಬಾಗಿದವು,
ಕಣ್ಣು ಮಾತ್ರ ಡಬ್ಬಿಯ ಮೇಲೆ.
ಮನೆ. ಗೋಡೆ. ಒಲೆ. ಇನ್ನೊಂದು ಮನೆ.
ಅಜ್ಜನ ಮನೆ. ಕುರಿಯ ಮನೆ.
ತೆಮಿರ್ಲಾನ್ ಪಕ್ಕದವನಿಗೆ ಕಾಣದ ಹಾಗೆ
ಮೊಣಕೈಯಲ್ಲೇ ಒಂದು ಗೋಡೆ ಕಟ್ಟಿಕೊಂಡು ಬರೆದ:
ಗೋಡೆ.

ಕಿಟಕಿಯ ಬಳಿಯ ಬೆರ್ಮೆತ್ ಕೈ ಎತ್ತಿದಳು.
'ಇಟ್ಟಿಗೆ ಹಸಿಯದೋ, ಸುಟ್ಟದ್ದೋ?'

ನಿಯಮ ಏಳು: ಮಕ್ಕಳ ಪ್ರಶ್ನೆಗೆ ಉತ್ತರಿಸುವಂತಿಲ್ಲ.
'ನಿನಗೆ ತೋಚಿದ್ದು ಬರಿ' ಎಂದೆ.
ಅವಳಿಗೆ ತೋಚಿದ್ದು ಅದೇ ಆಗಿತ್ತು.
ಗಂಟೆ ಬಾರಿಸಿದಾಗ ಅವಳ ಹಾಳೆ
ಹೊರಗಿನ ಶಿಖರದಷ್ಟೇ ಬಿಳಿ.
ಸರಾಗ: ಸೊನ್ನೆ. ಹೊಸತನ: ಸೊನ್ನೆ.
ಬಾಗುವ ಬುದ್ಧಿ: ಸೊನ್ನೆ. ಸೊನ್ನೆಗೊಂದು ನನ್ನ ಸಹಿ.

ಊಟದ ಬಿಡುವಿನಲ್ಲಿ ಕೊಟ್ಟಿಗೆಯ ಹಿಂದೆ ಕಂಡಳು.
ಎದುರಿಗೆ ಎರಡು ಇಟ್ಟಿಗೆ:
ಒಂದು ಹುಲ್ಲು ಕಲೆಸಿ ಬಿಸಿಲಿಗೆ ಒಣಗಿಸಿದ್ದು,
ಒಂದು ಹಳೆಯ ಒಲೆ ಬಿಚ್ಚಿದಾಗ ಉಳಿದ ಕೆಂಪು.
ಎರಡಕ್ಕೂ ಲೋಟದಿಂದ ಸಮನಾಗಿ ನೀರು ಹನಿಸುತ್ತ
ತುಟಿಯೊಳಗೇ ಎಣಿಸುತ್ತಿದ್ದಳು,
ನಾನೂರ ಹನ್ನೆರಡು, ನಾನೂರ ಹದಿಮೂರು.
ತಲೆ ಎತ್ತದೆ ಅಂದಳು:
'ಇದು ಮತ್ತೆ ಮಣ್ಣಾಗುತ್ತೆ. ಆಮೇಲೆ ಏನು ಬೇಕಾದ್ರೂ ಆಗಬಹುದು.
ಅದು ಇಟ್ಟಿಗೆಯಾಗಿಯೇ ಇರಬೇಕು, ಪಾಪ.'
ಮೂಗು ಸೋರುತ್ತಿತ್ತು. ಬೆರಳು ಸೆಟೆದು ನೀಲಿ.
ಯಾರೂ ಅವಳಿಗೆ ಏನೂ ಕೊಡುತ್ತೇನೆಂದಿರಲಿಲ್ಲ.
'ಛೆ, ಎಣಿಕೆ ತಪ್ಪಿತು. ನಿಮ್ಮ ಗಡಿಯಾರ ಕೊಡ್ತೀರಾ?'

ಡಬ್ಬಿ ತೆಮಿರ್ಲಾನನಿಗೆ ಹೋಯಿತು, ಹದಿನಾಲ್ಕು ಗೋಡೆಗೆ.
ಅವನು ಒಂದು ಪೆನ್ಸಿಲನ್ನೂ ಹೆರೆಯಲಿಲ್ಲ.
ಸವೆದುಹೋದರೆ?

ಕಣಿವೆ ಇಳಿಯುವ ವ್ಯಾನಿನಲ್ಲಿ ಕೊರಳು ಹಗುರ.
ಕಚೇರಿಯ ಪುಸ್ತಕದಲ್ಲಿ 'ಸ್ಟಾಪ್‌ವಾಚು ಕಳೆದಿದೆ' ಎಂದು ಬರೆದು
ಇನ್ನೂರೈವತ್ತು ಸೋಮ್ ಕಟ್ಟಿದೆ.
ಅಂಕಗಳ ಸರಾಸರಿ ತೆಗೆದೆ. ಒಂದು ಸೊನ್ನೆಯಿಂದ
ಹೆಚ್ಚೇನೂ ಏರುಪೇರಾಗಲಿಲ್ಲ.

ತಿಂಗಳ ಮೇಲೆ ಒಂದು ಲಕೋಟೆ.
ಒಳಗೆ ಮಣ್ಣಿನ ಬೆರಳಗುರುತಿದ್ದ ಗೆರೆ ಕಾಗದ:

'ಆರು ಗಂಟೆ ನಲವತ್ತು ನಿಮಿಷ.
ನಡುವೆ ಹಿಮ ಬಿತ್ತು, ಅದನ್ನೂ ನೀರೆಂದು ಲೆಕ್ಕ ಹಿಡಿಯಬೇಕಾ?
ಆ ಮಣ್ಣಲ್ಲಿ ತಮ್ಮ ಒಂದು ಕುದುರೆ ಮಾಡಿದ. ಮೂರೇ ಕಾಲು.
ನಿಮ್ಮ ಇಟ್ಟಿಗೆ ಯಾವುದೆಂದು
ನೀವು ಹೇಳಲೇ ಇಲ್ಲ.'