ಗದಗನ್ನು ಸಮುದ್ರಕ್ಕೆ ಇಳಿಸುವುದು

ಕಾರವಾರದಲ್ಲಿ ನಮ್ಮದೊಂದು ಹದಿನಾರಡಿ ದೋಣಿಯಿದೆ,
ಮೂವರ ಪಾಲಿನದು, ಯಾರೋ ಬಳಸಿ ಬಿಟ್ಟದ್ದು,
ಹಾಯಿಗೆ ಎರಡು ತೇಪೆ.
ಕಳೆದ ವರ್ಷ ಭರಣಿ ಮಳೆಯ ಮೊದಲ ಗಾಳಿ
ಬೆನ್ನ ಹಿಂದಿನ ಘಟ್ಟದಿಂದ ಇಳಿದು ಬಂದು
ನಾವು ಮುಂದೆ ನೋಡುತ್ತಿದ್ದಾಗ ಅದನ್ನು ಮಗುಚಿತು.
ಮೀನುಗಾರರು ಎತ್ತಿ ತಂದರು. ಬೈಯಲಿಲ್ಲ.
ನಾಚಿಕೆಯಾದದ್ದು ಅದಕ್ಕೇ.

ಪ್ರತಿಭಾ ಹಬೀಬ ಅಂದಳು: ಮೊದಲು ಆಕಾಶ ಕಲಿಯೋಣ.

ಹೀಗೆ ಸಿಕ್ಕವರು ನದಾಫ ಸರ್.
ಗದಗಿನ ಹವಾಮಾನ ಕಚೇರಿಯಲ್ಲಿ ಮೂವತ್ತೊಂದು ವರ್ಷ
ಬಲೂನು ತುಂಬಿ ಮೇಲೆ ಬಿಟ್ಟು
ಅದು ಚುಕ್ಕಿಯಾಗಿ ಕರಗುವ ತನಕ
ದುರ್ಬೀನಿನಲ್ಲಿ ಬೆನ್ನು ಹತ್ತಿದವರು.
ಈಗ ಹುಬ್ಬಳ್ಳಿಯ ಮಗಳ ಮನೆ, ಒಂದು ಕಣ್ಣಿಗೆ ಪೊರೆ.
ಫೀಸು ಕೇಳಿದರೆ, "ಚಾ ಕುಡಸ್ರಿ."

ರವಿವಾರ ಮುಂಜಾನೆ ಏಳಕ್ಕೆ, ಉಣಕಲ್ ಕೆರೆಯ ಏರಿಯ ಮೇಲೆ ಪಾಠ.
ಮೊದಲ ದಿನ ಜೇಬಿನಿಂದ ಚಿಟಿಕೆ ಅರಳೆ ತೆಗೆದರು.
"ನಮ್ಮಪ್ಪ ಗಾದಿ ಅರಳಿ ಹಿಂಜಾಂವ.
ಹಾರಿದ ಅರಳಿ ಯಾವ ಕಡೆ ಹೋತು ನೋಡಿ
ಕಿಡಕಿ ತಗಿಯಾಂವ, ಮುಚ್ಚಾಂವ.
ನನಗ ಅದ ಮೊದಲನೇ ಸಾಲಿ."
ಬೆರಳು ಸಡಿಲಿಸಿದರು. ಅರಳೆ ಪಡುವಣಕ್ಕೆ ಹೋಯಿತು.

ನಮ್ಮ ಹಾಯಿಗೆ ಕಟ್ಟಿದ ಉಲ್ಲನ್ ದಾರ ನೆನಪಾಯಿತು,
ಅಂದು ಅದು ಒಮ್ಮೆಲೆ ಜೋತುಬಿದ್ದದ್ದು,
ಸದ್ಯ ಆರಾಮಾಯಿತೆಂದು ನಾವು ನೀರಿನ ಬಾಟಲಿ ಹುಡುಕಿದ್ದು.
"ಗಾಳಿ ನಿಂತ್ರ ಹೆದರ್ರಿ," ಅಂದರು ಸರ್.
"ಉಸಿರು ಎಳಕೊಳ್ಳಾಕತ್ತೈತಿ ಅದು."

ಗಾಳಿಯ ಅಳತೆಗೆ ಸಮುದ್ರದ ಪುಸ್ತಕ ಬೇಡವಂತೆ.
ಗಿರ್ಮಿಟ್ಟಿನ ಪೊಟ್ಟಣದಿಂದ ಚುರುಮುರಿ ಹಾರಿದರೆ ನಾಲ್ಕು.
ಕೆರೆಯ ಮೇಲೆ ಬಿಳಿ ಗೆರೆ ಮೂಡಿದರೆ ಐದು.
ಆರಕ್ಕೆ, ರೈಲ್ವೆ ವರ್ಕ್‌ಶಾಪಿನ ಎಲಿಷಾನ ಟೊಪ್ಪಿಗೆ.
ಅದು ನಿಜಕ್ಕೂ ಹಾರಿ ಅಂತರಗಂಗೆಯ ಮೇಲೆ ಕೂತಿತು,
ಎರಡು ವಾರ ಅಲ್ಲೇ ಇತ್ತು, ಕೊಕ್ಕರೆಗಳ ನಡುವೆ.

ಇನ್ನೊಂದು ರವಿವಾರ ಒತ್ತಡದ ಲೆಕ್ಕ.
"ಇಲ್ಲಿ ಒಂಬೈನೂರ ನಲವತ್ತು. ಮ್ಯಾಲೆ ಎಪ್ಪತ್ತು ಕೂಡಸ್ರಿ,
ಸಮುದ್ರಮಟ್ಟ ಸಿಗತೈತಿ.
ದಿನಾ ಎಂಟೂವರಿಗೆ
ಗದಗನ್ನ ಸಮುದ್ರಕ್ಕ ಇಳಿಸಿ ಬರೀತಿದ್ದೆ ನಾನು.
ಕಣ್ಣಿಲೆ ನೋಡಿದ್ದು ಒಮ್ಮೆ,
ಅಕ್ಕನ ಮಗಳ ಮದವಿಗೆ ಅಂಕೋಲಾಕ್ಕ ಹೋದಾಗ."
ಹೆಂಗಿತ್ತು ಸರ್, ಎಲಿಷಾ ಕೇಳಿದ.
ತುಸು ಯೋಚಿಸಿ ಅಂದರು, "ಲೆಕ್ಕಕ್ಕ ಸರಿ ಇತ್ತು."

ಮೋಡದ ಪಾಠಕ್ಕೆ ಕೈ ನವಲಗುಂದದ ಕಡೆ ಚಾಚಿದರು.
ಎರೆಹೊಲ ಮಧ್ಯಾಹ್ನದ ತನಕ ಹಂಚಿನ ಹಾಗೆ ಕಾಯುತ್ತದೆ,
ಮೇಲೆ ಹೂಕೋಸು ಏಳುತ್ತದೆ,
ತಲೆ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗುತ್ತದೆ,
ಸಂಜೆ ಪಡುವಣಕ್ಕೆ ಹೊರಟು ಘಟ್ಟ ಇಳಿಯುತ್ತದೆ.
"ನಿಮ್ಮ ದೋಣಿ ಬೋರಲು ಹಾಕಿದ್ದು
ನಮ್ಮೂರ ಬಿಸಲರೀ."

ನಾನು ದನದ ಡಾಕ್ಟರು.
ಆ ಹೊಲಗಳಲ್ಲೇ ಎಮ್ಮೆಗೆ ಸೂಜಿ ಚುಚ್ಚುತ್ತಾ
ಆ ಬಿಸಿಲನ್ನು ಎಷ್ಟು ಸಲ ಬೈದಿದ್ದೇನೋ.
ಕೇಳಿಸಿಕೊಂಡು ಕಡಲಿನ ತನಕ ಬಂದಿತ್ತು.

ಹೋದ ಶನಿವಾರ ಕಲಘಟಗಿ ಇನ್ನೂ ದಾಟಿರಲಿಲ್ಲ.
ಗಾಡಿಯ ಕನ್ನಡಿಯಲ್ಲಿ ಮೂಡಲ ದಿಕ್ಕು
ಹನ್ನೊಂದಕ್ಕೇ ಹೂಕೋಸು ಕಟ್ಟುತ್ತಿತ್ತು.
ಪ್ರತಿಭಾ ಬದಿಗೆ ನಿಲ್ಲಿಸಿದಳು. ಯಾರೂ ಏನೂ ಅನ್ನಲಿಲ್ಲ.
ದೋಣಿಯಲ್ಲಿ ತಿನ್ನಬೇಕಾದ ರೊಟ್ಟಿ, ಶೇಂಗಾ ಚಟ್ನಿ
ಬಾನೆಟ್ಟಿನ ಮೇಲೆ ಬಿಚ್ಚಿ ತಿಂದು
ಹುಬ್ಬಳ್ಳಿಗೆ ತಿರುಗಿಸಿದೆವು.

ಅಂದು ಮಳೆ ಬರಲಿಲ್ಲ.
ಸಂಜೆ ಕಾರವಾರದಿಂದ ಯಾರೋ ಫೋಟೋ ಕಳಿಸಿದರು:
ಎಣ್ಣೆ ಸವರಿದಂಥ ನೀರು, ಕುಂಕುಮದ ಸೂರ್ಯ,
ಮೂಲೆಯಲ್ಲಿ ಕಟ್ಟಿದ ನಮ್ಮ ದೋಣಿ.

ರವಿವಾರ ತಲೆ ತಗ್ಗಿಸಿಯೇ ಹೇಳಿದೆವು.
ಸರ್ ವಹಿ ತೆಗೆದು ನನ್ನ ಮುಂದೆ ಹಿಡಿದರು.
"ಬರೀರಿ. ತಪ್ಪಿದ್ದನ್ನ ಮೊದಲ ಬರೀಬೇಕು."
ಬರೆದೆ: ಅಂದಾಜು ತಪ್ಪಿತು. ಮೋಡ ಚದುರಿತು.
ಒಳ್ಳೆಯ ಕಣ್ಣನ್ನು ಹಾಳೆಯ ಹತ್ತಿರ ತಂದು ಓದಿ,
ನನ್ನ ಪೆನ್ನು ಇಸಿದುಕೊಂಡು
ಕೆಳಗೆ ತಾವೇ ಸೇರಿಸಿದರು:
ದೋಣಿ ಒಣಗೇ ಇದೆ. ಮೂವರೂ ಹಾಜರು.