ಒದ್ದೆ ಬೆರಳು

ಮೊದಲು ಕೈ ಒರೆಸಿಕೊಳ್ಳಬೇಕು.
ಒದ್ದೆ ಬೆರಳೆಂದರೆ ಈ ಹಲಗೆಗೆ ಆಗುವುದಿಲ್ಲ.
ಏಪ್ರನ್ನಿಗೆ ಒಮ್ಮೆ, ತೊಡೆಗೆ ಒಮ್ಮೆ,
ಉಗುರಿಗಂಟಿದ ಹುರುಪೆಯನ್ನು ಹಲ್ಲಿನಿಂದ ಕಿತ್ತು
ಅಷ್ಟಾದ ಮೇಲೆ ಒಂದು ಮಾತು.
ಅಷ್ಟರಲ್ಲಿ ಗಿರಾಕಿ ಮುಂದಿನ ಕಟ್ಟೆಯಲ್ಲಿರುತ್ತಾಳೆ.

ವಾಲ್ಪರೈಸೊದ ಮೀನುದಕ್ಕೆಯಲ್ಲಿ ನಲವತ್ತೊಂದು ವರ್ಷ
ನನ್ನ ಗಂಟಲೇ ನನ್ನ ಅಂಗಡಿಯ ಬೋರ್ಡು.
"ಮೆರ್ಲೂಸಾ! ರೆಯ್ನೇತಾ!" ಎಂದರೆ
ಗುಡ್ಡದ ಮೇಲಿನ ಮೂರನೇ ಸಾಲಿನ ಮನೆಗಳಲ್ಲಿ
ಬಾಣಲೆಗೆ ಎಣ್ಣೆ ಬೀಳುತ್ತಿತ್ತಂತೆ.
ಸ್ವಲ್ಪ ಸುಳ್ಳಿರಬಹುದು. ಹಬ್ಬಿಸಿದವಳು ನಾನೇ.

ಈಗ ಕೊರಳಲ್ಲಿ ಒಂದು ತೂತು.
ಉಸಿರು ಅಲ್ಲಿಂದಲೇ ಬಂದು ಅಲ್ಲಿಂದಲೇ ಹೋಗುತ್ತದೆ,
ತಲೆಬಾಗಿಲು ಮರೆತ ನೆಂಟನ ಹಾಗೆ.
ಮೂಗಿಗೂ ಕೆಲಸ ಹೋಯಿತು.
ಈ ಮೀನಿನ ನಾತ ಸಾಕಪ್ಪಾ ಸಾಕು ಎಂದು
ಎಷ್ಟು ಭಾನುವಾರ ಇಗರ್ಜಿಯಲ್ಲಿ ಗೊಣಗಿದ್ದೆ;
ದೇವರು ಅರ್ಜಿಯನ್ನು ತಡವಾಗಿ ತೆರೆದ,
ಪೂರ್ತಿ ಓದಲಿಲ್ಲ.
ಈಗ ಕಿವಿರು ಎತ್ತಿ ಬಣ್ಣ ನೋಡುತ್ತೇನೆ,
ಹಿಡಿದು ಎಷ್ಟು ಹೊತ್ತಾಯಿತೆಂದು
ಮೀನನ್ನೇ ಹೆಬ್ಬೆರಳಿನಿಂದ ಕೇಳುತ್ತೇನೆ.

ಆಸ್ಪತ್ರೆಯವರು ಕೊಟ್ಟ ಹಲಗೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದೇನೆ.
ಅದರೊಳಗಿನವಳು ಮ್ಯಾಡ್ರಿಡ್ಡಿನವಳು.
ಮೆರ್ಲೂಸಾ ಎಂದು ನಾನು ಒತ್ತಿದರೆ ಮೆರ್ಲೂಥಾ ಎನ್ನುತ್ತಾಳೆ,
ನಾಲಗೆಯ ತುದಿಯನ್ನು ಹಲ್ಲಿನ ನಡುವೆ ಇಟ್ಟು,
ಕೈಗವಸು ತೊಟ್ಟು ಮೀನು ಮುಟ್ಟುವವಳಂತೆ.
"ರಾಣಿಯಮ್ಮನ ಸವಾರಿ!" ಎಂದು
ದೋಣಿ ಹುಡುಗರು ಸೊಂಟ ಬಗ್ಗಿಸುತ್ತಾರೆ.
ನಗು ಬರುತ್ತದೆ. ನನ್ನ ನಗುವಿಗೆ ಸದ್ದಿಲ್ಲ,
ಭುಜ ಮಾತ್ರ ಕುಣಿಯುತ್ತದೆ;
ಅಳುತ್ತಿದ್ದೇನೆಂದು ಯಾವಳೋ ಪುಣ್ಯಾತ್ಗಿತ್ತಿ
ಬೆನ್ನು ಸವರಿ ಹೋಗುತ್ತಾಳೆ.

"ನನಗೆ" ಎಂದರೆ ಮುಂದಿನದನ್ನು ಹಲಗೆಯೇ ಬಡಿಸುತ್ತದೆ:
ನೀರು ಬೇಕು. ನೋವಿದೆ. ಸುಸ್ತಾಗಿದೆ.
ನನಗೆ ಬೇಕಾದದ್ದು
ಹೋದ ವಾರದ ಬಾಕಿ, ಕಳ್ಳ ನನ್ಮಗನೆ.
ಅದನ್ನು ಅಕ್ಷರ ಅಕ್ಷರ ಹೆಕ್ಕಬೇಕು.
ಹೆಕ್ಕಿ ಮುಗಿಸುವಷ್ಟರಲ್ಲಿ ಸಿಟ್ಟು ಆರಿ
ಬರೀ ಲೆಕ್ಕ ಉಳಿದಿರುತ್ತದೆ.
ಕಾಯಲಾರದವರು ನನ್ನ ಮಾತನ್ನು ತಾವೇ ಮುಗಿಸುತ್ತಾರೆ,
ತಲೆಯಾಡಿಸುವುದು ಸುಲಭ.
ಹಾಗೆ ತಲೆಯಾಡಿಸಿಯೇ ಒಬ್ಬನಿಗೆ
ನಾಲ್ಕು ಕಿಲೋ ಕೊಂಗ್ರಿಯೊ ಸಾಲ ಕೊಟ್ಟೆ.

ನನ್ನ ದನಿ ಎಲ್ಲೂ ಉಳಿದಿಲ್ಲ, ಒಂದು ಕಡೆ ಬಿಟ್ಟು:
ಅಕ್ಕನ ಮಗ ನಿಬಾಲ್ದೊನ ಫೋನಿನಲ್ಲಿ, ಹನ್ನೊಂದು ಸೆಕೆಂಡು.
"ಗ್ಯಾಸ್ ಮುಗಿದಿದೆ, ಫೋನ್ ಎತ್ತೋ ಹಂದಿ,
ಬರುವಾಗ ಈರುಳ್ಳಿ" ಅಲ್ಲಿಗೆ ತುಂಡು.
ಇದರಿಂದ ಹೊಸ ದನಿ ಕಟ್ಟಲಾದೀತೇ ಎಂದು ಹೋಗಿ ಕೇಳಿದ.
ಸಾಲದು ಎಂದರು.
ನಿಜ, ಸಾಲದು. ಗೊತ್ತಿದ್ದರೆ
ಈರುಳ್ಳಿಯ ಬಗ್ಗೆ ಇನ್ನಷ್ಟು ಹೊತ್ತು ಮಾತಾಡುತ್ತಿದ್ದೆ.

ಪಕ್ಕದ ಕಟ್ಟೆಯ ರುದೆಸಿಂದೊ
ಮೂವತ್ತು ವರ್ಷ ನನ್ನ ಕೂಗಿನ ಮೇಲೆ ಕೂಗಿದವನು.
ಈಗ ನಾನು ಕೈ ಒರೆಸಿಕೊಂಡರೆ ಸಾಕು,
ಬಾಯಿ ಮುಚ್ಚಿ ನೆಲ ನೋಡುತ್ತಾನೆ,
ಹೆಣ ದಾಟಿಹೋಗಲೆಂದು ದಾರಿ ಬಿಟ್ಟವನಂತೆ.
ಟೊಪ್ಪಿಯೊಂದು ತೆಗೆಯುವುದು ಬಾಕಿ.
ಹತ್ತು ದಿನ ಸಹಿಸಿದೆ.

ಇವತ್ತು ಮೊದಲ ಬಸ್ಸಿಗೂ ಮುಂಚೆ ಬಂದು
ಒಣ ಕೈಯಿಂದ, ಅವಸರವಿಲ್ಲದೆ,
ಒಂದು ವಾಕ್ಯ ಮಾಡಿಟ್ಟುಕೊಂಡೆ.
ದಕ್ಕೆ ತುಂಬಿತು. ನಾನು ಏಪ್ರನ್ ಮುಟ್ಟಿದೆ. ಅವನು ಬಾಯಿ ಮುಚ್ಚಿದ.
ಮೊಣಕೈಯಿಂದ ಒತ್ತಿದೆ.
ಮ್ಯಾಡ್ರಿಡ್ಡಿನವಳು, ಒಂದಿಷ್ಟೂ ಅಳುಕದೆ,
ಕಡಲಸಿಂಹಗಳಿಗೂ ಕೇಳುವಂತೆ ಹೇಳಿದಳು:
"ರುದೆಥಿಂದೊ, ಕತ್ತೆ, ಕೂಗು. ನಾನಿನ್ನೂ ಇಲ್ಲೇ ಇದ್ದೇನೆ."

ಕತ್ತಿ ಹಿಡಿದ ಕೈಗಳೆಲ್ಲ ನಿಂತವು.
ಅವನ ಕಿವಿ ಕೆಂಪಾಯಿತು, ಕಿವಿರಿನ ಹಾಗೆ, ತಾಜಾ.
ಆಮೇಲೆ ಕೂಗಿದ. ಕಿಲೋಗೆ
ನನ್ನ ಬೆಲೆಗಿಂತ ಇನ್ನೂರು ಪೆಸೊ ಕಮ್ಮಿ.

ನಾನು ಕೈ ಒರೆಸಿಕೊಳ್ಳತೊಡಗಿದೆ.