ಗರ

ಶನಿವಾರ ಎಂಟಕ್ಕೆ ಸಿರಿಲ್ ಮೆನೇಜಸ್
ಜೆರಾಕ್ಸ್ ಅಂಗಡಿಯ ಶಟರನ್ನು ಅರ್ಧ ಇಳಿಸುತ್ತಾನೆ.
ಐ.ಜಿ. ರೋಡಿನ ಬೆಳಕು ನಮ್ಮ ಮೊಣಕಾಲಿನವರೆಗೆ ಮಾತ್ರ.
ಅಲ್ಲಿಂದ ಮೇಲೆ ನಾವು
ಸಾವಿರದ ಎಂಟುನೂರ ಎಂಬತ್ತೆಂಟರಲ್ಲಿದ್ದೇವೆ.

ಲ್ಯಾಮಿನೇಷನ್ ಯಂತ್ರದ ಮೇಲೆ ನಕಾಶೆ,
ಶೇಂಗಾ ಪೊಟ್ಟಣ,
ಇಪ್ಪತ್ತು ಮುಖದ ಒಂದೇ ಒಂದು ದಾಳ.

ಬ್ಯಾಟರಿ ಅಂಗಡಿಯ ಇಮ್ತಿಯಾಜ್ ಈಗ ಕ್ಯಾಪ್ಟನ್,
ಒಂದು ಕಣ್ಣು ಗಾಜಿನದು, ಸೊಂಟಕ್ಕೆ ಪಿಸ್ತೂಲು.
ಸರ್ವೇಯರ್ ಧರ್ಮಪಾಲ,
ಹೊತ್ತು ಮುಳುಗಿದ ಮೇಲೆ ಶೇಂಗಾವನ್ನೂ ಮುಟ್ಟದವನು,
ರಕ್ತ ಹೀರುವ ಕಾಫಿ ದೊರೆ.
ನಾನು ಪಾದ್ರಿ. ಧೈರ್ಯ, ಮೂರು ಅಂಕ.
ಜಿಲ್ಲಾಸ್ಪತ್ರೆಯ ನರ್ಸ್ ಗುಣವತಿ
ಹಡಗಿಳಿದು ಬಂದ ಡಾಕ್ಟರು.

ಸಿರಿಲ್‌ಗೆ ಲಂಡನ್ನಿನ ಮಂಜು ಗೊತ್ತಿಲ್ಲ.
ಕ್ಯೂರಿಂಗ್ ವರ್ಕ್ಸಿನ ಹೊಟ್ಟಿನ ದೂಳನ್ನೇ
ಬಂಗಲೆಯ ಸುತ್ತ ಮಾತಿನಲ್ಲಿ ಸುರಿಯುತ್ತಾನೆ.
ನಾವು ನಿಜಕ್ಕೂ ಕೆಮ್ಮುತ್ತೇವೆ.

‘ಕೂಲಿ ಲೈನಿನ ಕಡೆಯಿಂದ ಒಬ್ಬ ಹೆಂಗಸು ಬರ್ತಿದ್ದಾಳೆ.
ಪಾದ ನೆಲಕ್ಕೆ ತಾಗ್ತಿಲ್ಲ.’
‘ಪ್ರಾಣ ಎಷ್ಟು?’ ಕ್ಯಾಪ್ಟನ್ ದಾಳ ಕುಲುಕಿದ.
‘ಹನ್ನೆರಡು.’
‘ಹೆಸರು?’ ಅಂದಳು ಗುಣವತಿ.

ಸಿರಿಲ್ ಹಾಳೆ ತಿರುವಿದ. ಮತ್ತೆ ತಿರುವಿದ.
ದೊರೆಯ ನಾಯಿಗೆ ಹೆಸರಿತ್ತು,
ಕುದುರೆಗೆ ಎರಡಿದ್ದವು.
ಇಲ್ಲಿ: ದೆವ್ವ, ನಂಬರ್ ನಾಲ್ಕು.

‘ಅಂಜಲೆ ಅಂತ ಬರ್ಕೊ.’
‘ಯಾರದು?’
‘ನಮ್ಮಜ್ಜಿಯ ಅಜ್ಜಿ.
ಚೆಕ್‌ರೋಲಿನಲ್ಲಿ ಬರೀ ಹೆಬ್ಬೆಟ್ಟು ಇದೆ.
ಹೆಸರು ಬಾಯಲ್ಲಿ ಉಳಿದದ್ದು.’

ಅಷ್ಟರಲ್ಲಿ ದಾಳ ಕ್ಯಾಪ್ಟನ್ ಕೈ ಬಿಟ್ಟಾಗಿತ್ತು.
ಇಪ್ಪತ್ತು.
ಆರು ತಿಂಗಳಿಂದ ಒಮ್ಮೆಯೂ ಬೀಳದ ಇಪ್ಪತ್ತು.
ಗರ ಬಿತ್ತು; ಗರ ಬಡಿದವರ ಹಾಗೆ ಕೂತೆವು.
ರಸ್ತೆಯಲ್ಲಿ ಯಾರದೋ ಸ್ಕೂಟರ್ ಕಿಕ್ಕಿಗೆ ಕಿಕ್ಕು ತಿನ್ನುತ್ತಿತ್ತು.

ಇಮ್ತಿಯಾಜ್,
ಹಳೇ ಬ್ಯಾಟರಿಗೆ ಐದು ರೂಪಾಯಿ ಹೆಚ್ಚು ಕೊಡದ ಇಮ್ತಿಯಾಜ್,
ದಾಳದ ಮೇಲೆ ಅಂಗೈ ಮುಚ್ಚಿ ಅಂದ:
‘ಮೇಜು ಅಲುಗಿತು. ಇದು ಲೆಕ್ಕಕ್ಕಿಲ್ಲ.’

ಮೇಜು ಅಲುಗಿರಲಿಲ್ಲ.
ನಿಯಮದ ಪುಸ್ತಕವನ್ನು ಬೈಂಡ್ ಮಾಡಿಸಿಟ್ಟ ಸಿರಿಲ್
ನನ್ನ ಮುಖ ನೋಡಿದ.
ಪಾದ್ರಿಯಾಗಿ ನಾನು ಹೇಳಿದ ಮೊದಲ ಸುಳ್ಳು ಅದು:
‘ಹೌದು, ಅಲುಗಿತು.’

‘ಡಾಕ್ಟರ್, ನಿಮ್ಮ ಸರದಿ.’
‘ಕೈ ಹಿಡಿದು ನಾಡಿ ನೋಡ್ತೀನಿ.’
‘ದೆವ್ವಕ್ಕೆ?’
‘ಅಂಜಲೆಗೆ.’

ಸಿರಿಲ್ ನಂಬರ್ ನಾಲ್ಕನ್ನು ಹೊಡೆದು ಹೆಸರು ಬರೆದ.
ಯಾರೂ ಕೇಳದೆ ಎದ್ದು ಮಷೀನ್ ಹಚ್ಚಿ
ನಮಗೊಂದೊಂದು ಪ್ರತಿ ತೆಗೆದ. ದುಡ್ಡು ಕೇಳಲಿಲ್ಲ.
ಕಾಗದ ಇನ್ನೂ ಬೆಚ್ಚಗಿತ್ತು.
ಗುಣವತಿ ಅದರ ಮೇಲೆ ಎರಡು ಬೆರಳಿಟ್ಟು,
ಗೋಡೆಯ ಗಡಿಯಾರ ನೋಡುತ್ತಾ,
ತುಟಿಯಲ್ಲೇ ಎಣಿಸುತ್ತಿದ್ದಳು.